ಸೀಮೆಸುಣ್ಣ, ಚೀಸು ಮತ್ತು ಕಿಟಕಿ ಸೀಟು

ಮಗಳ ಇಂಗ್ಲಿಷ್ ಪುಸ್ತಕದಲ್ಲಿ ನಿನ್ನೆ ನನ್ನ ಹಳೆಯ ಶತ್ರುವೊಂದು ಸಿಕ್ಕಿತು: ‘ಚಾಕ್ ಅಂಡ್ ಚೀಸ್’. ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಬೇಕಂತೆ. ಸೀಮೆಸುಣ್ಣ, ಚೀಸು ಪಕ್ಕಪಕ್ಕ ಇಟ್ಟರೆ ನೋಡಲೇನೋ ಎರಡೂ ಬಿಳುಪೇ; ಉಳಿದಂತೆ ಒಂದಕ್ಕೊಂದು ಸಂಬಂಧವಿಲ್ಲ. ಅಜಗಜಾಂತರವಿರುವ ಇಬ್ಬರಿಗೆ ಹಾಗನ್ನುತ್ತಾರೆ ಎಂದೆ. ಅಮ್ಮ ಇಷ್ಟು ಸರಾಗವಾಗಿ ಹೇಳಿದ್ದು ಕಂಡು ಮಗಳಿಗೇ ಅನುಮಾನ ಬಂತು.

ಸರಾಗವಾಗಿ ಬರದೆ ಇನ್ನೇನು ಹೇಳಿ? ಮದುವೆಗೆ ಮುಂಚೆ ಆ ಮಾತನ್ನು ವಾರವಿಡೀ ತಲೆಯಲ್ಲಿ ಹೊತ್ತು ತಿರುಗಿದ್ದೇನೆ. ಮೈಸೂರಿನಿಂದ ಅಣ್ಣ ಫೋನ್ ಮಾಡಿ, “ನೀವಿಬ್ರೂ ಚಾಕ್ ಅಂಡ್ ಚೀಸ್ ಕಣೇ, ಯೋಚನೆ ಮಾಡು” ಎಂದಿದ್ದ. ಸುಳ್ಳೇನಲ್ಲ. ನಾನು ಒಂದು ಸೀರೆ ಆರಿಸಲು ಅರ್ಧ ದಿನ ತೆಗೆದುಕೊಳ್ಳುವವಳು. ನಾನು ಮದುವೆಯಾಗಬೇಕೆಂದಿದ್ದ ಹರೀಶ್ ಉಡುಪಿ ಕಡೆಯವರು, ಥಾಣೆಯಲ್ಲಿ ನಮ್ಮ ಆಫೀಸಿನ ಕೆಳಗಿದ್ದ ಹೋಟೆಲಿನ ಮ್ಯಾನೇಜರ್. ಹೊರಟ ಟ್ರೇನಿಗೂ ಹಾರಿ ಬಾಗಿಲಲ್ಲಿ ನೇತಾಡುವ ಪೈಕಿ. ಭಾನುವಾರದೊಳಗೆ ಅಣ್ಣನಿಗೆ ಉತ್ತರ ಕೊಡಬೇಕಿತ್ತು. ಬೇಡ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಭಯ.

ಅಂಥದೊಂದು ಬೆಳಿಗ್ಗೆ ಡೊಂಬಿವಲಿ ಸ್ಟೇಶನ್ನಿನಲ್ಲಿ, ಎಂದಿನಂತೆ, ನೂಕುನುಗ್ಗಲಿಗೆ ಹೆದರಿ ಬಂದ ಟ್ರೇನುಗಳನ್ನೆಲ್ಲ ಬಿಡುತ್ತಾ ನಿಂತಿದ್ದೆ. ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತಿದ್ದ ಹರೀಶ್ ನೋಡಿದವರೇ ಎದುರಿನ ಪ್ಲಾಟ್‌ಫಾರ್ಮಿಗೆ ಕರೆದರು. ಥಾಣೆಗೆ ಹೋಗಬೇಕಾದವಳು ತದ್ವಿರುದ್ಧ ದಿಕ್ಕಿನ ಕಲ್ಯಾಣದ ಕಡೆ ಯಾಕೆ ಹೋಗಲಿ? ಕಲ್ಯಾಣದಲ್ಲಿ ಇಳಿಯದೆ ಕೂತಿದ್ದರೆ ಅದೇ ಟ್ರೇನು ಥಾಣೆ ಕಡೆ ತಿರುಗಿ ಬರುತ್ತದೆ, ಸೀಟೂ ಉಳಿಯುತ್ತದೆ ಎಂದರು. ಇಡೀ ಡೊಂಬಿವಲಿಗೆ ಗೊತ್ತಿದ್ದ ಉಪಾಯ, ಮೈಸೂರಿನ ಜಾಣೆಗೆ ಮಾತ್ರ ಗೊತ್ತಿರಲಿಲ್ಲ.

ಕಲ್ಯಾಣದಲ್ಲಿ ಜನ ನುಗ್ಗಿದರು. ನಾನು ಕಿಟಕಿ ಪಕ್ಕ ಮಹಾರಾಣಿಯ ಹಾಗೆ ಕೂತಿದ್ದೆ. ಆ ಧೈರ್ಯದಲ್ಲೇ ಅಣ್ಣನ ಮಾತನ್ನು ಹೇಳಿಬಿಟ್ಟೆ. ಹರೀಶ್ ಅರ್ಥ ಕೇಳಿ ತಿಳಿದುಕೊಂಡರು. ಬೇಜಾರಾಯಿತೇನೋ ಎಂದು ಅವರ ಮುಖ ನೋಡಿದೆ.

“ನಿಮ್ಮಣ್ಣ ಹೇಳಿದ್ದು ಸರಿಯೇ ಮಾರಾಯ್ರೆ. ನೀವೊಬ್ರೇ ಆದ್ರೆ ಪ್ಲಾಟ್‌ಫಾರ್ಮಲ್ಲೇ ನಿಂತಿರ್ತಿದ್ರಿ. ನಾನೊಬ್ನೇ ಆದ್ರೆ ಬಾಗಿಲಲ್ಲಿ ನೇತಾಡ್ತಿದ್ದೆ. ಇವತ್ತು ಇಬ್ರೂ ಕೂತಿದ್ದೇವಲ್ಲ.”

ಥಾಣೆಗೆ ಮುಂಚೆ ಸಿಗುವ ಮುಂಬ್ರಾದ ಬೆಟ್ಟ ಕಾಣುವಷ್ಟರಲ್ಲಿ ನನ್ನ ಭಯ ಇಳಿದಿತ್ತು. ಸಂಜೆಯೇ ಅಣ್ಣನಿಗೆ ಹೂಂ ಅಂದೆ. ಆಮೇಲೆ ಜಗಳಕ್ಕೇನೂ ಬರವಿಲ್ಲ ಅನ್ನಿ. ಇವತ್ತಿಗೂ ಊರಿಗೆ ಹೊರಟರೆ ನಾನು ಸ್ಟೇಶನ್ನಿನಲ್ಲಿ ಗಂಟೆಗಟ್ಟಲೆ ಮುಂಚೆ, ಅವರು ಸಿಗ್ನಲ್ ಬಿದ್ದ ಮೇಲೆ.

ಮಗಳು ವಾಕ್ಯ ಬರೆದು ತೋರಿಸಿದಳು: ನನ್ನ ಅಪ್ಪ ಅಮ್ಮ ಚಾಕ್ ಅಂಡ್ ಚೀಸ್. ಒಂದು ಕಾಲಕ್ಕೆ ನಿದ್ದೆಗೆಡಿಸಿದ ಮಾತು. ಅವಳ ದುಂಡು ಅಕ್ಷರದಲ್ಲಿ ಓದಿ ನಿಜಕ್ಕೂ ಖುಷಿಯಾಯಿತು.

“ತೋ ಫಿರ್ ಶಾದಿ ಕ್ಯೂಂ ಕೀ?” ಎಂದಳು. ಮತ್ತೆ ಮದುವೆ ಯಾಕಾದಿರಂತೆ!

“ಕೂತ್ಕೊಳ್ಳೋಕೆ ಜಾಗ ಸಿಕ್ತು, ಅದಕ್ಕೆ” ಎಂದೆ.

ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಹರೀಶ್ ಅಲ್ಲಿಂದಲೇ ತಿದ್ದಿದರು: “ಕಿಟಕಿ ಸೀಟು ಅಂತ ಬರಿ ಮಗಾ.”