ಕೊಕ್ಕೆ ಆರ್ಡರ್ ಬಂದ ಬೇಸಿಗೆ

ಮುನಿರತ್ನಮ್ಮನಿಗೆ ಸಿಟ್ಟು ಬಂದರೆ ದನಿ ಜೋರಾಗುವುದಿಲ್ಲ, ಸಣ್ಣಗಾಗುತ್ತದೆ. ಅದು ಗೊತ್ತಿದ್ದವರು ಅವಳ ದನಿ ಇಳಿದ ಕೂಡಲೇ ಎದುರಿನಿಂದ ಜಾಗ ಖಾಲಿ ಮಾಡುತ್ತಿದ್ದರು. ದೊಡ್ಡಬಳ್ಳಾಪುರದ ಆಚೆಗಿನ ಆ ಗಾರ್ಮೆಂಟ್ಸಿನಲ್ಲಿ ಫ್ಲೋರ್ ಇನ್‌ಚಾರ್ಜ್ ದೇವರಾಜ್‌ಗೆ ಮಾತ್ರ ಅದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ದರ್ದೂ ಅವನಿಗಿರಲಿಲ್ಲ.

ಅವಳು ಸಾಸಲು ಹೋಬಳಿಯ ಹಳ್ಳಿಯವಳು. ಏಳನೇ ಕ್ಲಾಸಿಗೆ ಸ್ಲೇಟು ಬಿಟ್ಟು ಅಪ್ಪನ ರಾಗಿ ಹೊಲಕ್ಕಿಳಿದವಳು, ಮದುವೆಯಾದ ಮರುವರ್ಷವೇ ಗಾರ್ಮೆಂಟ್ಸ್ ಸೇರಿದಳು. ಗಂಡ ಆಂಜಿನಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುವವನು, ಮಗ್ಗದ ಸದ್ದಿಗೆ ಅರ್ಧ ಕಿವುಡಾದವನು, ಜಗಳ ಬೇಡದವನು. ದಾರ ಕತ್ತರಿಸುವ ಹೆಲ್ಪರ್ ಆಗಿ ಶುರುಮಾಡಿದ ಮುನಿರತ್ನಮ್ಮ ಟೈಲರ್ ಆದಳು. ಬೆನ್ನು ಹಿಡಿದ ಮೇಲೆ ಚೆಕ್ಕಿಂಗ್ ಟೇಬಲ್ಲಿಗೆ ಬಂದಳು. ಇಪ್ಪತ್ನಾಲ್ಕು ವರ್ಷ ಒಂದೇ ಕಾಂಪೌಂಡಿನೊಳಗೆ. ಅವಳ ಕಣ್ಣು ತಪ್ಪಿಸಿ ಒಂದು ಸೊಟ್ಟ ಹೊಲಿಗೆ ಹೊರಗೆ ಹೋದದ್ದಿಲ್ಲ ಎಂದು ಸೂಪರ್‌ವೈಸರುಗಳೇ ಹೇಳುತ್ತಿದ್ದರು.

ಎರಡು ಸಾವಿರದ ಇಪ್ಪತ್ತನಾಲ್ಕರ ಬೇಸಿಗೆಯಲ್ಲಿ ಆ ಕಪ್ಪು ಟೀ ಶರ್ಟಿನ ಆರ್ಡರ್ ಬಂತು. ಎದೆಯ ಮೇಲೆ ಬಿಳಿಯ ಗುರುತು: ಮೇಲೆ ಇಂಗ್ಲಿಷಿನ ಪಿ ಅಕ್ಷರ, ಅದರ ಕಾಲು ಕೆಳಗಿಳಿದು ಎರಡೂ ಕಡೆ ಮೇಲಕ್ಕೆ ಬಾಗಿ ಲಂಗರಿನಂತೆ ನಿಂತಿದೆ. ಲಂಗರು ಕಂಡವರು ಅಲ್ಲಿ ಯಾರಿದ್ದರು? ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಇದ್ದಂಗಿದೆ ಎಂದು ಯಾರೋ ಅಂದರು. ಅವತ್ತಿನಿಂದ ಅದು ಕೊಕ್ಕೆ ಆರ್ಡರ್. ಮಾಲು ಪೋಲೆಂಡಿಗೆ ಹೋಗಬೇಕಿತ್ತು. ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ಹಡಗುಗಳು ಆ ವರ್ಷ ಆಫ್ರಿಕಾ ಸುತ್ತಿಕೊಂಡು ಹೋಗುತ್ತಿದ್ದರಿಂದ ಆಗಸ್ಟ್ ಒಂದಕ್ಕೆ ಅಲ್ಲಿರಬೇಕಾದರೆ ಮೇ ತಿಂಗಳಲ್ಲೇ ಇಲ್ಲಿಂದ ಹೊರಡಬೇಕು. ಟಾರ್ಗೆಟ್ ಏರಿತು.

ಅದೇ ಏಪ್ರಿಲ್‌ನಲ್ಲಿ ಕಾಂಪೌಂಡಿನ ಬೋರ್‌ವೆಲ್‌ಗಳು ಒಂದರ ಹಿಂದೊಂದು ಬತ್ತಿದವು. ದಿನಕ್ಕೆ ಎರಡು ಟ್ಯಾಂಕರ್ ನೀರು. ಅದರಲ್ಲಿ ಮುಕ್ಕಾಲು ಪಾಲು ಬಟ್ಟೆಯ ಕೆಲಸಕ್ಕೆ. ದೇವರಾಜ್ ಎಂಟು ಕಕ್ಕಸುಗಳಲ್ಲಿ ಆರಕ್ಕೆ ಬೀಗ ಹಾಕಿಸಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮಿಷನ್‌ಗಳ ಒಂದು ಲೈನಿಗೆ ಒಂದು ಪ್ಲಾಸ್ಟಿಕ್ ಟೋಕನ್. ಅದು ಕೈಯಲ್ಲಿದ್ದವಳು ಮಾತ್ರ ಎದ್ದು ಹೋಗಬಹುದು.

"ಇದೇನು ಬಸ್‌ಸ್ಟ್ಯಾಂಡಾ, ಬೇಕಾದಾಗ ಎದ್ದೋಗಕ್ಕೆ?" ಎಂದ ಮೊದಲ ದಿನವೇ. "ನೀರು ಕಮ್ಮಿ ಕುಡೀರಿ."

ಹೆಂಗಸರು ಕಮ್ಮಿ ಕುಡಿದರು. ತಗಡಿನ ಮಾಡಿನ ಕೆಳಗೆ, ಮೂವತ್ತೇಳು ಡಿಗ್ರಿ ಬಿಸಿಲಿನಲ್ಲಿ, ತುಟಿ ಒಣಗಿಸಿಕೊಂಡು ಕೊಕ್ಕೆಯ ಮೇಲೆ ಕೊಕ್ಕೆ ಹೊಲಿದರು.

ಬಟ್ಟೆ ಪರೀಕ್ಷೆ ಮಾಡಲು ಪೋಲೆಂಡಿನಿಂದ ಒಬ್ಬಳು ಬಂದಳು. ಹೆಸರು ಅಗ್ನಿಯೆಷ್ಕಾ. ಟೈಲರುಗಳ ಬಾಯಲ್ಲಿ ಅದು ಅರ್ಧ ದಿನದಲ್ಲಿ ಅಗ್ನಿ ಮೇಡಂ ಆಯಿತು. ಜೊತೆಗೆ ಆಫೀಸಿನ ಸಿಂಧು. ಇಂಗ್ಲಿಷ್ ಬಲ್ಲ ಹುಡುಗಿ, ಮುನಿರತ್ನಮ್ಮನನ್ನು ಅಕ್ಕ ಎನ್ನುವವಳು. ಗುರುತು ಒಂದು ನೂಲಿನಷ್ಟು ವಾಲಿದ್ದ ಪೀಸುಗಳನ್ನು ಮುನಿರತ್ನಮ್ಮ ಪಕ್ಕಕ್ಕೆ ಒಟ್ಟಿದ್ದನ್ನು ನೋಡಿ ಅಗ್ನಿ ಮೇಡಂ ಟೇಬಲ್ಲಿನ ಬಳಿ ನಿಂತಳು.

"ಇದು ಯಾವ ಕಂಪ್ನಿ ಮಾರ್ಕಂತೆ, ಕೇಳೇ ಸಿಂಧು," ಎಂದಳು ಮುನಿರತ್ನಮ್ಮ.

ಆ ಹೆಂಗಸಿನ ಮುಖ ಬದಲಾಯಿತು. ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದಳು. ಸಿಂಧು ತಡೆತಡೆದು ಕನ್ನಡಕ್ಕೆ ತಂದಳು.

ಅದು ಕಂಪನಿಯ ಮಾರ್ಕಲ್ಲ. ಜರ್ಮನರು ಅವರ ದೇಶವನ್ನು ಐದು ವರ್ಷ ಬೂಟಿನಡಿ ಹಾಕಿಕೊಂಡಿದ್ದಾಗ ಜನ ಕದ್ದುಮುಚ್ಚಿ ಗೋಡೆಗಳ ಮೇಲೆ ಬರೆಯುತ್ತಿದ್ದ ಗುರುತು. ಎಂಬತ್ತು ವರ್ಷದ ಹಿಂದೆ, ಆಗಸ್ಟ್ ಒಂದು, ಸಂಜೆ ಐದು ಗಂಟೆಗೆ, ವಾರ್ಸಾ ಊರಿನ ಜನ ಜರ್ಮನರ ಮೇಲೆ ತಿರುಗಿಬಿದ್ದರು. ಅರವತ್ಮೂರು ದಿನ ಕಾದಾಡಿ ಸೋತರು. ಎರಡು ಲಕ್ಷದಷ್ಟು ಜನ ಸತ್ತರು. ಉಳಿದವರನ್ನು ಹೊರಗಟ್ಟಿ ಜರ್ಮನರು ಬೀದಿಬೀದಿಗೆ ಬೆಂಕಿ ಇಟ್ಟು ಊರನ್ನೇ ಕೆಡವಿದರು. ಅಗ್ನಿ ಮೇಡಂನ ಅಜ್ಜಿಗೆ ಆಗ ಹದಿನೈದು. ಚರಂಡಿ ಸುರಂಗದಲ್ಲಿ ನುಗ್ಗಿ ಕಾಗದ ಮುಟ್ಟಿಸುತ್ತಿದ್ದಳು. ಅವಳ ಅಣ್ಣ ಎರಡನೇ ವಾರದಲ್ಲೇ ಸತ್ತ. ಯುದ್ಧ ಮುಗಿದ ಮೇಲೆ ಬಂದ ರಷ್ಯಾ ಕಡೆಯ ಸರ್ಕಾರ ಹೋರಾಡಿದವರನ್ನೇ ಹಿಡಿದು ಜೈಲಿಗೆ ಹಾಕಿತು. ಅಜ್ಜಿ ಎಷ್ಟೋ ವರ್ಷ ಅಣ್ಣನ ಹೆಸರನ್ನು ಸ್ವಂತ ಮಕ್ಕಳ ಮುಂದೆಯೂ ಎತ್ತಲಿಲ್ಲ.

"ಅವರಿಗೆ ಯಾರೂ ಒತ್ತಾಸೆಗೆ ಬರ್ಲಿಲ್ವಾ?"

"ಹೊಳೆ ಆಚೆ ಕಡೆ ರಷ್ಯಾದೋರ ಸೈನ್ಯ ಬಂದು ನಿಂತಿತ್ತಂತೆ ಅಕ್ಕ. ಕೊನೆಕೊನೆಗೆ ಒಂದಿಷ್ಟು ಜನ ದಾಟಿ ಬಂದ್ರಂತೆ, ಸಾಲ್ಲಿಲ್ವಂತೆ. ಮಿಕ್ಕೋರು ನೋಡ್ತಾ ನಿಂತಿದ್ರಂತೆ."

"ನೋಡ್ತಾ?"

"ಹ್ಞೂಂ."

ಮುನಿರತ್ನಮ್ಮ ಕೈಯಲ್ಲಿದ್ದ ಪೀಸನ್ನು ಕೆಳಗಿಟ್ಟಳು. ಅಜ್ಜಿ ಇನ್ನೂ ಬದುಕಿದ್ದಾಳೆ, ತೊಂಬತ್ತೈದು ವಯಸ್ಸು ಎಂದಳು ಅಗ್ನಿ ಮೇಡಂ. ಈ ಟೀ ಶರ್ಟನ್ನು ಅವಳು ಮನೆಯೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅಜ್ಜಿಯ ಮಾತು ಹೀಗೆ: ಅರ್ಧ ಜನ ನಮ್ಮನ್ನು ಮೂರ್ಖರು, ಸುಮ್ಮನೆ ಊರು ಸುಡಿಸಿದರು ಅನ್ನುತ್ತಾರೆ. ಇನ್ನರ್ಧ ಜನ ನಮ್ಮಣ್ಣನನ್ನು ಎದೆ ಮೇಲೆ ಹಾಕಿಕೊಂಡು ಕುಡಿದು ಕೂಗಾಡುತ್ತಾರೆ. ಅವನು ಎಂಥವನಿದ್ದ ಎಂದು ಒಬ್ಬರೂ ಕೇಳುವುದಿಲ್ಲ ಎಂದು ಬಯ್ಯುತ್ತಾಳಂತೆ.

"ಅಂಗಾದ್ರೆ ಈವಮ್ಮ ಯಾಕೆ ಇದನ್ನ ಪಾಸ್ ಮಾಡಕ್ಕೆ ಬಂದವ್ಳೆ?"

ಆ ಮಾತನ್ನು ಸಿಂಧು ಇಂಗ್ಲಿಷಿಗೆ ತರಲಿಲ್ಲ.

ಮಾರನೆಯ ವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತು. ನಾಲ್ಕನೇ ಲೈನಿನಲ್ಲಿ ಕುತ್ತಿಗೆ ಪಟ್ಟಿ ಹೊಲಿಯುವ ಅರ್ಪಿತ ಎರಡು ಸಲ ಎದ್ದು ಟೋಕನ್ ಕೇಳಿದಳು. ಹೊಸಕೋಟೆ ಕಡೆಯ ಜಡಿಗೇನಹಳ್ಳಿಯ ಹುಡುಗಿ, ಇಪ್ಪತ್ತೆರಡರವಳು, ಮೆತ್ತನೆಯ ಮಾತು. ಟೋಕನ್ ಬೇರೊಬ್ಬಳ ಹತ್ತಿರ ಇತ್ತು.

"ಅರ್ಧ ಗಂಟೆ ತಡ್ಕೊಂಡ್ರೆ ಸಾಯಲ್ಲ, ಕೂತ್ಕೊ," ಎಂದ ದೇವರಾಜ್.

ಅವಳು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಮಿಷನ್ ನಿಂತಿತು. ಮುನಿರತ್ನಮ್ಮ ತಲೆಯೆತ್ತಿ ನೋಡಿದಾಗ ಅರ್ಪಿತ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು. ಸ್ಟೂಲಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕಾಲ ಬಳಿ ಇಟ್ಟಿದ್ದ ಪೀಸುಗಳ ಕಟ್ಟು ನೆನೆಯುತ್ತಿತ್ತು.

ದೇವರಾಜ್ ಓಡಿ ಬಂದ. ಬಂದವನು ಹುಡುಗಿಯನ್ನು ನೋಡಲಿಲ್ಲ.

"ಪೀಸ್ ಎತ್ರೋ, ಪೀಸ್ ಎತ್ರೋ! ಥೂ, ಶಿಪ್‌ಮೆಂಟ್ ಮಾಲಮ್ಮ ಇದು! ಎದ್ದೇಳೇ, ನೀನೇ ಒಗ್ದು ತಗೊಂಬಾ."

ಮುನಿರತ್ನಮ್ಮ ಟೇಬಲ್ಲಿನ ಮೇಲಿಂದ ಪಾಸಾದ ನಾಲ್ಕು ಟೀ ಶರ್ಟು ಬಾಚಿಕೊಂಡು ಹೋದಳು. ತೋಳಿಗೆ ತೋಳು ಗಂಟುಹಾಕಿ ಅರ್ಪಿತಳ ಸೊಂಟದ ಸುತ್ತ ಕಟ್ಟಿದಳು. ಆಮೇಲೆ ದೇವರಾಜ್ ಕಡೆ ತಿರುಗಿ, ಪಕ್ಕದವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಅಂದಳು:

"ಬೀಗದ ಕೈ ಕೊಡಿ ಸಾರ್."

"ಏನು?"

"ಕಕ್ಕಸಿನ ಬೀಗದ ಕೈ."

ಅವನು ನಕ್ಕ. ಅವಳು ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು.

ಮಿಷನ್‌ಗಳು ನಿಂತವು, ಫ್ಯಾನುಗಳು ತಿರುಗಿ ತಿರುಗಿ ನಿಂತವು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಮುನ್ನೂರೆಂಬತ್ತು ಹೆಂಗಸರು ಎದ್ದರು. ಕಬ್ಬಿಣದ ಸಲಾಕೆ ಯಾರ ಕೈಗೆ ಎಲ್ಲಿಂದ ಬಂತೋ, ಆರೂ ಬೀಗ ಒಡೆದುಬಿದ್ದವು. ಆಮೇಲೆ ಎಲ್ಲರೂ ಎರಡು ಯೂನಿಟ್‌ಗಳ ನಡುವಿನ ಅಂಗಳದಲ್ಲಿ, ಬಿಸಿಲಲ್ಲೇ ಕೂತರು. ಕಕ್ಕಸು ತೆಗೀಬೇಕು, ದೇವರಾಜ್ ಅರ್ಪಿತಳ ಮುಂದೆ ನಿಂತು ತಪ್ಪಾಯ್ತು ಅನ್ನಬೇಕು. ಕೇಳಿದ್ದು ಇಷ್ಟೇ.

ಎದುರಿನ ಒಂದನೇ ಯೂನಿಟ್‌ನಲ್ಲಿ ಆರುನೂರು ಜನ. ಅಲ್ಲೂ ಅದೇ ಟೋಕನ್, ಅದೇ ಬೀಗ. ಅವರೂ ಇಳಿದು ಬಂದಿದ್ದರೆ ಸಾವಿರ ಜನ ಆಗುತ್ತಿದ್ದರು. ಮುನಿರತ್ನಮ್ಮ ಗಂಟಲು ಹರಿಯುವಂತೆ ಕರೆದಳು. ಕಿಟಕಿ ತುಂಬ ಮುಖಗಳು ಬಂದವು. ಒಬ್ಬರೂ ಇಳಿಯಲಿಲ್ಲ. ಮೇಲಿನ ಆಫೀಸಿನ ಗಾಜಿನ ಹಿಂದೆ ಒಣಹುಲ್ಲಿನ ಬಣ್ಣದ ತಲೆಗೂದಲು ಒಂದು ಕಂಡಿತು.

ಮರುದಿನ ಬೆಳಿಗ್ಗೆಯೂ ಗೇಟಿನ ಮುಂದೆ ಕೂತರು. ಮೊಬೈಲ್ ಚಾನೆಲ್ಲಿನವನೊಬ್ಬ ಬಂದು ಮೈಕು ಹಿಡಿದಾಗ ಮುನಿರತ್ನಮ್ಮ ಆದದ್ದನ್ನೆಲ್ಲ ಹೇಳಿದಳು. ಅರ್ಪಿತಳ ಹೆಸರು ಹೇಳಿದಳು, ಊರು ಹೇಳಿದಳು. ಸಿಟ್ಟಿನಲ್ಲಿ ಅದು ತಪ್ಪು ಅಂತಲೇ ಅವಳಿಗೆ ಹೊಳೆಯಲಿಲ್ಲ.

ಮಧ್ಯಾಹ್ನಕ್ಕೆ ಮ್ಯಾನೇಜರ್ ಕೈಮುಗಿದುಕೊಂಡು ಬಂದ. ಮೂರು ಟ್ಯಾಂಕರ್ ನೀರು ಬಂತು. ದೇವರಾಜನನ್ನು ಒಂದನೇ ಯೂನಿಟ್‌ಗೆ ಹಾಕುತ್ತೇವೆ, ಯಾರ ಮೇಲೂ ಏನೂ ಮಾಡುವುದಿಲ್ಲ ಎಂದ. ಬಿಸಿಲಿಗೆ ಬಳಲಿದ್ದ ಹೆಂಗಸರು ಎದ್ದರು. ತಪ್ಪಾಯ್ತು ಅನ್ನುವ ಮಾತು ಎಲ್ಲಿ ಎಂದು ಮುನಿರತ್ನಮ್ಮ ಕೇಳುವಷ್ಟರಲ್ಲಿ ಅರ್ಧ ಜನ ಒಳಗೆ ಹೋಗಿಯಾಗಿತ್ತು. ಅವಳೂ ಹೋಗಿ ಸಂಜೆಯವರೆಗೂ ಪೀಸು ನೋಡಿದಳು.

ನಾಲ್ಕನೇ ದಿನ ಸೆಕ್ಯೂರಿಟಿಯವನ ಕೈಯಲ್ಲಿ ಒಂದು ಚೀಟಿ ಇತ್ತು. ಹನ್ನೊಂದು ಹೆಸರು. ಮೊದಲನೆಯದು ಅವಳದು.

"ಒಳಗೆ ಬಿಡಂಗಿಲ್ಲಕ್ಕ, ಬೇಜಾರ್ ಮಾಡ್ಕೋಬೇಡಿ," ಎಂದ ಅವನು, ಮುಖ ನೋಡದೆ.

ಒಳಗಿನಿಂದ ಮಿಷನ್‌ಗಳ ಸದ್ದು ಕೇಳುತ್ತಿತ್ತು. ಅವತ್ತು ಒಂದು ಮಿಷನ್ನೂ ನಿಲ್ಲಲಿಲ್ಲ. ಹೊರಗೆ ನಿಂತ ಹತ್ತು ಜನರಲ್ಲಿ ಒಬ್ಬಳು ಅವಳ ಕಡೆ ತಿರುಗಿ, "ನೀನು ಆ ಸ್ವಿಚ್ಚು ಮುಟ್ದೆ ಇದ್ದಿದ್ರೆ ನಾನು ಒಳಗಿರ್ತಿದ್ದೆ," ಎಂದು ನೆಲಕ್ಕೆ ಉಗಿದು ಹೋದಳು.

ಮಾಲು ಹೊರಡುವ ಹಿಂದಿನ ದಿನ ಗೇಟಿನಿಂದ ಆಚೆ ಬಂದ ಕಾರಿಗೆ ಮುನಿರತ್ನಮ್ಮ ಅಡ್ಡ ನಿಂತಳು. ಒಳಗೆ ಅಗ್ನಿ ಮೇಡಂ, ಪಕ್ಕದಲ್ಲಿ ಸಿಂಧು. ಗಾಜು ಇಳಿಯಿತು.

"ಅವತ್ತು ಮೇಲೆ ಗಾಜಿನ ಹಿಂದೆ ಇದ್ದಿದ್ದು ಇವರೇ ತಾನೆ?"

"ಹೌದಂತೆ ಅಕ್ಕ."

"ಎಷ್ಟೊತ್ತು ನೋಡ್ತಿದ್ರಂತೆ?"

ಅಗ್ನಿ ಮೇಡಂ ಸಿಂಧು ಕಡೆ ತಿರುಗಿದಳು. ತಗ್ಗಿದ ದನಿಯಲ್ಲಿ ಏನೋ ಹೇಳಿದಳು. "ಕಕ್ಕಸಿಗೆ ಬೀಗ ಹಾಕಿದ್ದನ್ನ ರಿಪೋರ್ಟಲ್ಲಿ ಬರ್ದಿದ್ದಾರಂತೆ," ಎಂದಳು ಸಿಂಧು. "ಅದಕ್ಕಿಂತ ಹೆಚ್ಚು ಅವ್ರ ಕೈಲಿಲ್ವಂತೆ. ಅವರ ಕೆಲಸ ಬಟ್ಟೆ ನೋಡೋದಂತೆ."

"ಬಟ್ಟೆ ಪಾಸಾಯ್ತಾ?"

"ಆಯ್ತು."

"ಅಜ್ಜಿಗೆ ಹೇಳಕ್ಕೆ ಹೇಳು. ಹೊಳೆ ಆಚೆ ನಿಂತಿದ್ದೋರು ಬರೀ ರಷ್ಯಾದೋರಲ್ಲ, ನಿನ್ನ ಮೊಮ್ಮಗಳೂ ನಿಂತಿದ್ಲು ಅಂತ. ಒಂದಕ್ಷರ ಬಿಡ್ದೆ ಹೇಳು ಸಿಂಧು. ಈ ಸಲ ನುಂಗಬೇಡ."

ಸಿಂಧು ನುಂಗಲಿಲ್ಲ. ಅಗ್ನಿ ಮೇಡಂನ ಬಿಳಿ ಕುತ್ತಿಗೆ ಕೆಂಪಾಯಿತು. ಮುನಿರತ್ನಮ್ಮ ದಾರಿ ಬಿಟ್ಟಳು. ಹದಿನೈದು ದಿನದೊಳಗೆ ಕಕ್ಕಸಿಗೆ ಬೀಗವೂ ಟೋಕನ್ನೂ ವಾಪಸ್ ಬಂದವು. ದೇವರಾಜನೂ ಬಂದ.

ಅರ್ಪಿತ ಆ ದಿನದ ಮೇಲೆ ಕೆಲಸಕ್ಕೆ ಬಂದಿರಲಿಲ್ಲ. ಜೂನ್‌ನಲ್ಲಿ ಮುನಿರತ್ನಮ್ಮ ಎರಡು ಬಸ್ಸು ಬದಲಿಸಿ ಜಡಿಗೇನಹಳ್ಳಿಗೆ ಹೋದಳು. ಹುಡುಗಿ ಹೊಸಿಲು ದಾಟಿ ಆಚೆ ಬಂದು, ಬಾಗಿಲು ಮುಂದೆ ಮಾಡಿಕೊಂಡಳು. ಒಳಗೆ ಕರೆಯಲಿಲ್ಲ.

"ನಿನಗೋಸ್ಕರ ಕಣವ್ವ ಅಷ್ಟೆಲ್ಲ…"

"ನಂಗೋಸ್ಕರಾನಾ?" ಮೆತ್ತನೆಯ ಹುಡುಗಿಯ ದನಿ ಚೂರಿಯಂತಿತ್ತು. "ನನ್ನ ಒಂದ್ಮಾತು ಕೇಳಿದ್ರಾ ಅಕ್ಕ? ನಂಗೆ ಆವಾಗ ಬೇಕಾಗಿದ್ದು ಒಂದು ಆಟೋ. ಯಾರೂ ನೋಡ್ದಂಗೆ ರೂಮಿಗೋಗಿ ಬಾಗಿಲು ಹಾಕ್ಕೊಬೇಕಿತ್ತು. ನೀವು ಹೆಸರು ಹೇಳಿದ್ರಿ, ಊರು ಹೇಳಿದ್ರಿ. ಈಗ ಬಸ್ಸಲ್ಲಿ ಹುಡುಗ್ರು ನನ್ನ ನೋಡಿ ಟೋಕನ್ ಬೇಕಾ ಅಂತಾರೆ. ದೇವರಾಜ್ ಇಪ್ಪತ್ ಜನದ ಮುಂದೆ ನನ್ನ ಮರ್ಯಾದೆ ಕಳೆದ. ನೀವು ಊರ ಮುಂದೆ ಕಳೆದ್ರಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಾಪಸ್ ಬಸ್ಸಿನಲ್ಲಿ ಮುನಿರತ್ನಮ್ಮನಿಗೆ ಮೊದಲು ಅರ್ಪಿತಳ ಮೇಲೆಯೇ ಸಿಟ್ಟು ಬಂತು. ಹೊಸಕೋಟೆ ಬರುವಷ್ಟರಲ್ಲಿ ತನ್ನ ಮೇಲೆ ಬಂತು. ದೇವನಹಳ್ಳಿ ದಾಟಿದ ಮೇಲೆ ಮತ್ತೆ ದೇವರಾಜನ ಮೇಲೆ ತಿರುಗಿತು. ಅದೇ ಸಲೀಸು ಅನ್ನಿಸಿದ್ದಕ್ಕೆ ಇನ್ನಷ್ಟು ಉರಿಯಿತು.

ಆಗಸ್ಟ್ ಎರಡರ ಬೆಳಿಗ್ಗೆ ಸಿಂಧು ಮನೆಗೇ ಬಂದು ಮೊಬೈಲ್ ತೋರಿಸಿದಳು. ಅಗ್ನಿ ಮೇಡಂ ಕಳಿಸಿದ, ಹಿಂದಿನ ಸಂಜೆ ಐದು ಗಂಟೆಯ ವಿಡಿಯೊ. ವಾರ್ಸಾದ ದೊಡ್ಡ ಸರ್ಕಲ್ಲು, ಸೈರನ್ನು. ಕಾರು ಬಸ್ಸು ನಿಂತಿವೆ. ಸಾವಿರಾರು ಜನ ಇದ್ದಲ್ಲೇ ನಿಂತಿದ್ದಾರೆ. ಅಲ್ಲಲ್ಲಿ ಕಪ್ಪು ಟೀ ಶರ್ಟು, ಬಿಳಿಯ ಕೊಕ್ಕೆ. ಆಂಜಿನಪ್ಪನೂ ಬಗ್ಗಿ ನೋಡಿದ.

"ಅಜ್ಜಿಗೆ ಎಲ್ಲಾ ಹೇಳಿದ್ರಂತೆ ಅಕ್ಕ," ಎಂದಳು ಸಿಂಧು. "ಕೊನೆಗೆ ಕಕ್ಕಸಿನ ಬಾಗಿಲು ತೆಗೆದ್ರಾ ಅಂತ ಕೇಳಿದ್ರಂತೆ. ತೆಗೆದು ಮತ್ತೆ ಹಾಕಿದ್ರು ಅಂದಿದ್ದಕ್ಕೆ ಅಜ್ಜಿ ಏನೋ ಕೆಟ್ಟದಾಗಿ ಬೈದ್ರಂತೆ. ಅದನ್ನ ಬರೆಯಕ್ಕಾಗಲ್ಲ ಅಂತ ಬರ್ದವ್ರೆ."

"ಯಾರಿಗೆ ಬೈದ್ಲಂತೆ? ದೇವರಾಜ್‌ಗಾ, ಮೊಮ್ಮಗಳಿಗಾ?"

"ಅದು ಬರ್ದಿಲ್ಲ."

"ಇನ್ನೊಂದ್ಸಲ ಹಾಕು."

ಮೂರು ಸಲ ನೋಡಿದಳು. ಆ ಜನ ಯಾರನ್ನು ನೆನೆದು ಹಾಗೆ ನಿಂತಿದ್ದಾರೋ ಅವರಲ್ಲಿ ಎಷ್ಟು ಜನ ನಿಜವಾಗಿ ಬಂದೂಕು ಹಿಡಿದವರು, ಎಷ್ಟು ಜನ ನೆಲಮಾಳಿಗೆಯಲ್ಲಿ ಸುಮ್ಮನೆ ಸಿಕ್ಕಿಕೊಂಡು ಸತ್ತವರು ಎಂದು ಕೇಳಿದಳು. ಸಿಂಧುಗೆ ಗೊತ್ತಿರಲಿಲ್ಲ.

ಈಗ ಮುನಿರತ್ನಮ್ಮ ನೆಲಮಂಗಲದ ಕಡೆ ಒಂದು ಸಣ್ಣ ಹೊಲಿಗೆ ಯೂನಿಟ್‌ಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಕಳೆದ ಜನವರಿಯಲ್ಲಿ ಅಲ್ಲಿನ ಸೂಪರ್‌ವೈಸರ್ ರಂಜಿತ ಎಂಬ ಹೊಸ ಟೈಲರಿನ ಕೈಗೆ ಸ್ಕೇಲಿನಲ್ಲಿ ಹೊಡೆದ. ಹದಿನೆಂಟು ಹೆಂಗಸರೂ ಮುನಿರತ್ನಮ್ಮನ ಮುಖ ನೋಡಿದರು. ಅವಳು ಎದ್ದು ನೇರ ರಂಜಿತಳ ಹತ್ತಿರ ಹೋಗಿ ಬಗ್ಗಿದಳು.

"ಏನ್ ಮಾಡಣ ಹೇಳವ್ವ? ನೀನೇಳಿದಂಗೆ."

ಹುಡುಗಿ ಕೈ ಉಜ್ಜಿಕೊಂಡು, "ಏನೂ ಬೇಡ ಅಕ್ಕ," ಎಂದಳು.

ಮುನಿರತ್ನಮ್ಮ ಹೋಗಿ ತನ್ನ ಮಿಷನ್ನಿನ ಮುಂದೆ ಕೂತಳು. ಸೂಜಿಗೆ ದಾರ ಪೋಣಿಸಲು ಅವತ್ತು ಅವಳಿಂದ ಆಗಲೇ ಇಲ್ಲ.