ಕೆಂಡಕ್ಕೆ ಕಾಸಿದ ಕೂಸು

ಹೌಸಾಬಾಯಿ ಕೆಂಡ ಕೆದಕಿದರೆ ಸತ್ತ ಕೂಸೂ ಅಳುತ್ತದೆ ಎಂದು ನಮ್ಮ ಕೇರಿಯವರು ಹೇಳುತ್ತಿದ್ದರು. ಯಮನೇ ಬಂದರೂ ಮುದುಕಿ ಅವನನ್ನು ತಲೆಕೆಳಗೆ ಹಿಡಿದು ಬೆನ್ನಿಗೆರಡು ತಟ್ಟುತ್ತಾಳೆ ಎಂದು ನಗುತ್ತಿದ್ದರು.

ಮಹಾರಾಷ್ಟ್ರದ ಬೀಡ್ ಕಡೆಯ ನಮ್ಮೂರಿಗೆ ನಲವತ್ತು ವರ್ಷ ಅವಳೇ ಸೂಲಗಿತ್ತಿ. ಕೂಸು ಅಳದಿದ್ದರೆ ಹೊಕ್ಕುಳಬಳ್ಳಿ ಕೊಯ್ಯದೆ ಅದರ ತುದಿಯ ಮಾಸನ್ನು ಕೆಂಡದ ಮೇಲಿಟ್ಟು ಕಾಸುತ್ತಿದ್ದಳು. ಬಿಸಿ ಬಳ್ಳಿಗುಂಟ ಹರಿದು ಜೀವ ತಿರುಗಿ ಬರುತ್ತದೆಂದು ಅವಳ ಅತ್ತೆ ಕಲಿಸಿದ್ದಳು. ಆಮೇಲೆ ಮೂರು ದಿನ ಕೂಸಿನ ಮಗ್ಗುಲಲ್ಲಿ ಅಗ್ಗಿಷ್ಟಿಕೆ.

ನಮ್ಮ ಕೇರಿಯ ಚಂದ್ರಭಾಗಾಳ ಮಗ ಭಿವಾ ಹಾಗೆ ಉಳಿದವನು. ನೀಲಿಗಟ್ಟಿ ಹುಟ್ಟಿ, ಬಹಳ ಹೊತ್ತಿಗೆ ಅತ್ತ. ಮರುದಿನ ಕೈಕಾಲು ಸೆಟೆದು ಸೆಳೆತ ಬಂತು. ಇಪ್ಪತ್ತು ತುಂಬಿದರೂ ಕೂರಿಸಿದಲ್ಲೇ ಕೂರುತ್ತಾನೆ, ತುತ್ತು ಬಾಯಿಗಿಡಬೇಕು. ಆದರೂ ಮಗನನ್ನು ಉಳಿಸಿಕೊಟ್ಟಳೆಂದು ಚಂದ್ರಭಾಗಾ ಕಬ್ಬು ಕಡಿಯಲು ಹೋಗದೆ ಊರಲ್ಲಿದ್ದಾಗಲೆಲ್ಲ ಮುದುಕಿಗೆ ಜೋಳದ ಭಾಕರಿ ತರುತ್ತಿದ್ದಳು. ಹೆರಿಗೆಗಳು ಆಸ್ಪತ್ರೆಗೆ ಹೋದ ಮೇಲೆ, ಹಿಂದುಮುಂದಿಲ್ಲದ ಹೌಸಾಬಾಯಿಯ ಬಾಗಿಲಿಗೆ ಬರುವವಳು ಅವಳೊಬ್ಬಳೇ.

ಒಂದು ಬೇಸಿಗೆ ನರ್ಸ್ ಹಳೆಯ ಸೂಲಗಿತ್ತಿಯರನ್ನು ಕೂರಿಸಿಕೊಂಡು ಹೇಳಿದಳಂತೆ: ಎಲ್ಲ ಕೂಸನ್ನೂ ಬೆಚ್ಚಗಿಡಬೇಕು. ಆದರೆ ಉಸಿರು ಸಿಗದ ಕೂಸಿನ ಮಿದುಳಲ್ಲಿ ಸಕ್ಕರೆ ಅರ್ಧಮರ್ಧ ಉರಿದು ಹುಳಿ ಕಟ್ಟುತ್ತದೆ. ಅತ್ತಿತೆಂದು ನಂಬುವಂತಿಲ್ಲ, ಕೆಲವು ತಾಸು ಬಿಟ್ಟು ಒಳಗೆ ಎರಡನೇ ಕೇಡು ಏಳುತ್ತದೆ. ಅಂಥ ಕೂಸನ್ನು ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ತಂಪಾಗಿಡುತ್ತಾರೆ. ಮೈ ಕಾದರೆ ಕೇಡು ಹೆಚ್ಚು.

ಸೆಕೆಗೆ ಹಾಲು ಬೇಗ ಹುಳಿಯುವುದನ್ನು ಹೌಸಾಬಾಯಿಗೆ ಯಾರೂ ಕಲಿಸಬೇಕಿರಲಿಲ್ಲ. ಭಿವಾನ ಕೇಡು ಕೆಂಡದಿಂದಲೇ ಆಯಿತೇ ಎಂದು ಕೇಳಿದಳು. ಅದನ್ನು ಈಗ ಯಾರೂ ಹೇಳಲಾರರು ಎಂದಳು ನರ್ಸ್.

ಚಂದ್ರಭಾಗಾಳಿಗೆ ಹೇಳಿದರೆ ಬರುವವಳೊಬ್ಬಳೂ ಬರುವುದಿಲ್ಲ. ಹೇಳದಿದ್ದರೆ ಭಾಕರಿ ಗಂಟಲಿಗಿಳಿಯುವುದಿಲ್ಲ. ಎಂಟು ದಿನ ತಡೆದಳು.

"ನಾ ಕಾಸಿದ್ದಕ್ಕ ಅವ ಹಿಂಗಾಗಿರಬಹುದು, ಚಂದ್ರಾ."

ಚಂದ್ರಭಾಗಾ ಭಾಕರಿ ಬುಟ್ಟಿ ಎತ್ತಿಕೊಂಡು ಹೋದಳು. ಆ ಮಳೆಗಾಲವೆಲ್ಲ ಬರಲಿಲ್ಲ. ಮುದುಕಿ ಒಬ್ಬಳೇ ಭಾಕರಿ ತಟ್ಟಿ, ಒಬ್ಬಳೇ ಉಂಡು, ಬಾಗಿಲು ಮಾತ್ರ ತೆರೆದೇ ಇಡುತ್ತಿದ್ದಳು.

ದೀಪಾವಳಿ ಕಳೆದು ಕಬ್ಬು ಕಡಿಯುವವರ ಗಾಡಿಗಳು ಹೊರಟಾಗ ಚಂದ್ರಭಾಗಾ ಬಂದು ಹೊಸ್ತಿಲಾಚೆ ನಿಂತಳು. ಅವಳು ಕಬ್ಬಿಗೆ ಹೋದಾಗ ಭಿವಾನನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಆ ವರ್ಷ ತೀರಿಕೊಂಡಿದ್ದಳು.

"ಆರು ತಿಂಗಳು ಅವಂಗ ಉಣಿಸಾಕ ಯಾರೂ ಇಲ್ಲ, ಮಾವಶಿ. ನಿನ್ ಮ್ಯಾಲ ಸಿಟ್ಟು ಇನ್ನೂ ಐತಿ. ಆದ್ರೂ ನೀನೇ ಬಾ."

"ಬರ್ತೀನಿ. ಕೆಂಡ ಮಾತ್ರ ಮುಟ್ಟೂದಿಲ್ಲ."

"ಹಂಗಾರ ಭಾಕರಿ ಬಿಸಿಲಿಗೆ ಬೇಯಿಸ್ತೀಯೇನು?"

ಇಬ್ಬರೂ ನಗಲಿಲ್ಲ. ಹೌಸಾಬಾಯಿ ಒಂದು ಸೀರೆ, ಒಂದು ತಾಟು ಗಂಟು ಕಟ್ಟಿದಳು. ಮತ್ತೆ ತನ್ನ ಮನೆಗೆ ಅವಳು ಕಾಲಿಡಲಿಲ್ಲ. ಅಗ್ಗಿಷ್ಟಿಕೆ ಇಂದಿಗೂ ಅಲ್ಲೇ ಮೂಲೆಯಲ್ಲಿದೆ. ಅಂದು ಬಾಗಿಲೆಳೆದುಕೊಂಡು, ಚಂದ್ರಭಾಗಾಳಿಂದ ನಾಲ್ಕು ಹೆಜ್ಜೆ ಹಿಂದೆಯೇ ನಡೆದಳು.