ಉಣ್ಣದ ನಾಯಿಗೆ ಬಚ್ಚಲೊಲೆಯ ಬಿಸ್ಕತ್ತು

ಅಂದು ಬೆಳಿಗ್ಗೆಯೂ ಎದ್ದವಳೇ ಬಾಗಿಲಿಗೆ ನೀರು ಹಾಕಿದೆ. ಸಗಣಿ ಸಾರಿಸಿ, ರಂಗೋಲಿ ಎಳೆದು, ಬಚ್ಚಲ ಒಲೆಗೆ ಉರಿ ಹಚ್ಚಿ, ಕಡೆಗೋಲಿಗೆ ಹಗ್ಗ ಸುತ್ತಿದೆ. ದಿನವೂ ಮಜ್ಜಿಗೆ ಕಡೆಯುವ ಸದ್ದಿಗೆ ಮನಸ್ಸು ಒಂದು ಹದಕ್ಕೆ ಬರುತ್ತಿತ್ತು. ಅಂದು ಬರಲಿಲ್ಲ. ಸ್ವಲ್ಪ ಎಳೆಯುವುದು, ಹಗ್ಗ ಬಿಟ್ಟು ಹಿತ್ತಲಿಗೆ ಹೋಗಿ ಇಣುಕುವುದು, ಮತ್ತೆ ಬಂದು ಎಳೆಯುವುದು. ಬೆಣ್ಣೆ ಬರಲೇ ಇಲ್ಲ.

ಹಿತ್ತಲಲ್ಲಿ ನಾಯಿ ಕೂತಿತ್ತು. ಮುಂದೆ ಅದರ ಜೊತೆಯಲ್ಲೇ ಬಂದ, ಅಂಚು ಒಡೆದ ಪಿಂಗಾಣಿ ತಟ್ಟೆ. ರಾತ್ರಿ ಹಾಲಿನಲ್ಲಿ ನೆನೆಸಿಟ್ಟ ಜೋಳದ ರೊಟ್ಟಿ ಹಾಗೆಯೇ ಇತ್ತು. ಇರುವೆಗಳು ಮಾತ್ರ ಉಂಡಿದ್ದವು. ನಾಯಿ ಮುಂಗಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ನನ್ನ ಮುಖವನ್ನೇ ನೋಡಿತು. ತಟ್ಟೆಯ ಕಡೆ ಕಣ್ಣು ಹಾಯಿಸಲಿಲ್ಲ.

ಅದು ನನ್ನ ಟೀಚರಮ್ಮನ ನಾಯಿ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಕಲಿಸಿದ ಕ್ರೈಸ್ತ ಹೆಂಗಸು ಅವರು. ಮದುವೆಯಾಗಲಿಲ್ಲ. ವಯಸ್ಸಾದ ಮೇಲೆ ನ್ಯಾಮತಿಯಲ್ಲಿ ತಮ್ಮನ ಮನೆಯ ಒಂದು ಕೋಣೆಯಲ್ಲಿ ಈ ನಾಯಿಯನ್ನು ಕಟ್ಟಿಕೊಂಡು ಇದ್ದರು. ನಾನು ಹತ್ತಿರದ ಹೊನ್ನಾಳಿಗೇ ಸೊಸೆಯಾಗಿ ಬಂದಿದ್ದೆ. ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಹೊರಟಾಗ ಅವರು ನನ್ನನ್ನು ಕರೆಸಿಕೊಂಡರು. "ನಾನು ಬರೋವರೆಗೂ ನೋಡಿಕೋ ಮಗು. ಬಿಸ್ಕತ್ತು ಅಂದರೆ ಇದಕ್ಕೆ ಪ್ರಾಣ" ಎಂದು ಹಗ್ಗ ಕೊಡಲು ನನ್ನ ಕೈಯನ್ನು ಗಾಳಿಯಲ್ಲಿ ತಡಕಿದರು. ನಾನು ಹೂಂ ಎಂದೆ. ಆ ಹೂಂ ಈಗ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ನಾಯಿ ಬಂದು ವಾರವಾಗುತ್ತ ಬಂದರೂ ತಟ್ಟೆಗೆ ಬಾಯಿ ಹಚ್ಚಿರಲಿಲ್ಲ. ನೀರು ಕುಡಿಯುತ್ತಿತ್ತು. ಹಾಲು ಕರೆಯುವಾಗ ನೆಲಕ್ಕೆ ಚೆಲ್ಲಿದ್ದನ್ನು ನೆಕ್ಕುತ್ತಿತ್ತು, ಅಷ್ಟೆ. ರಾಗಿ ಮುದ್ದೆ, ಅನ್ನ, ರೊಟ್ಟಿ, ಯಾವುದಕ್ಕೂ ಇಲ್ಲ. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು.

ಅತ್ತೆಯ ತಮ್ಮ ಜಗಳೂರಿನಿಂದ ಜೋಳದ ಚೀಲ ಹೇರಿಕೊಂಡು ಗಾಡಿ ತಂದಿದ್ದರು. ಅಂದು ಬೆಳಿಗ್ಗೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ಅತ್ತೆ ನನ್ನ ಕಡೆ ತಿರುಗದೆಯೇ ಹೇಳಿದರು: "ನಾಳೆ ನಸುಕಿಗೆ ಗಾಡಿ ಹೊಂಟೈತೆ. ಈ ನಾಯೀನ ಅದ್ರಾಗೆ ಕಳ್ಸಾಣ. ತಮ್ಮನ ಕುರಿಹಟ್ಟೀಲಿ ನಾಯಿ ಅದಾವೆ, ಅವನ್ನ ನೋಡಿ ಇದೂ ಉಣ್ಣಾಕೆ ಕಲೀತೈತೆ."

"ಆ ನಾಯಿಗಳು ಇದನ್ನ ಉಳಿಸ್ತಾವಾ ಅತ್ತೆ?"

"ಇಲ್ಲಿ ಉಳೀತೈತಾ? ಹಸಿದ ಜೀವಾನ ಹಿತ್ತಲಾಗೆ ಇಟ್ಕೊಂಡು ನನಗೆ ತುತ್ತು ಇಳಿಯಾಕಿಲ್ಲ ಕಣವ್ವ. ಸಂಜೀಗೆ ಅದು ಉಂಡ್ರೆ ಇರ್ಲಿ. ಇಲ್ಲಾಂದ್ರೆ ಗಾಡಿಗೆ."

ಅವರು ಕಠಿಣ ಮನಸ್ಸಿನವರಲ್ಲ. ಹಿಂದಿನ ರಾತ್ರಿ ಎಲೆಯ ಮುಂದೆ ಕೂತು, ಅನ್ನ ಕಲಸಿ, ಹಾಗೆಯೇ ಎದ್ದು ಹೋದದ್ದನ್ನು ನಾನು ನೋಡಿದ್ದೆ.

ಉಳಿದದ್ದು ಬಿಸ್ಕತ್ತೊಂದೇ. ಯುದ್ಧದ ಕಾಲ, ಬಿಸ್ಕತ್ತಿನ ಡಬ್ಬಿ ಅಂಗಡಿಗಳಿಂದ ಮಾಯವಾಗಿತ್ತು. ನಮ್ಮವರು ಅಡಿಕೆ ವ್ಯಾಪಾರಕ್ಕೆ ಚನ್ನಗಿರಿಗೆ ಹೋದಾಗ ಅಲ್ಲೂ ಕೇಳಿ ಬರಿಗೈಲಿ ಬಂದಿದ್ದರು. ಮಾಡಿಯೇ ಬಿಡೋಣ ಎಂದುಕೊಂಡೆ. ಹಬ್ಬದ ಹೋಳಿಗೆಗೆಂದು ತೆಗೆದಿಟ್ಟ ಗೋಧಿಹಿಟ್ಟು ಕೇಳಿದಾಗ ಅತ್ತೆ, "ಮನುಷ್ಯರಿಗೇ ಗೋಧಿ ಕಾಣ್ದು, ನಾಯಿಗೆ ಹಬ್ಬ ಮಾಡ್ತೀಯಾ?" ಎಂದರು. ಎಂದವರೇ ಗಡಿಗೆ ಇಳಿಸಿ ಕೊಟ್ಟರು. "ಅಡಿಗೆ ಒಲೆ ಮುಟ್ಟಬ್ಯಾಡ ಮತ್ತೆ."

ಕಾನ್ವೆಂಟಿನ ಅಡುಗೆಯವಳು ಬಿಸ್ಕತ್ತಿಗೆ ಮೊಟ್ಟೆ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಆ ಮಾತನ್ನೂ ಆಡುವಂತಿರಲಿಲ್ಲ. ತುಪ್ಪ, ಹಾಲು, ಬೆಲ್ಲದ ಪುಡಿ ಹಾಕಿ ಗಟ್ಟಿಯಾಗಿ ಕಲಸಿದೆ. ಲಟ್ಟಿಸಿ, ಲೋಟದ ಬಾಯಿ ಒತ್ತಿ ಬಿಲ್ಲೆ ಮಾಡಿದೆ. ಬಚ್ಚಲ ಒಲೆಯ ಮೇಲೆ ಪಾತ್ರೆ ಇಟ್ಟು, ತಳಕ್ಕೆ ಮರಳು ಹರಡಿ, ಅದರ ಮೇಲೆ ತಗಡಿನ ತಟ್ಟೆಯಲ್ಲಿ ಬಿಲ್ಲೆಗಳನ್ನಿಟ್ಟು, ಮುಚ್ಚಳದ ಮೇಲೂ ಕೆಂಡ ಸುರಿದೆ. ಮುಚ್ಚಳ ತೆಗೆಯಬಾರದೆಂದು ಗೊತ್ತು. ಆದರೆ ತೆಗೆಯದೆ ಇರಲಾಗಲಿಲ್ಲ. ತೆಗೆದಾಗಲೆಲ್ಲ ಬೂದಿ ಒಳಗೆ ಉದುರುತ್ತಿತ್ತು, ಬಿಸಿ ಹೊರಗೆ ಹೋಗುತ್ತಿತ್ತು. ಮೊದಲ ಸಲದ್ದು ಕೆಳಗೆ ಕರಿ, ಮೇಲೆ ಹಸಿ.

ಅತ್ತೆ ಬಗ್ಗಿ ನೋಡಿದರು. "ಚೆನ್ನಾಗದಾವೆ. ಗ್ವಾಡೆಗೆ ತಟ್ಟಿದ್ರೆ ಬೆರಣಿ ಆಗ್ತಿದ್ವು."

ಎರಡನೆಯ ಸಲ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ತುಪ್ಪ, ಬೆಲ್ಲದ ಘಮ ಬಚ್ಚಲು ದಾಟಿ ನಡುಮನೆಗೆ ಹೋಯಿತು. ಬಿಲ್ಲೆಗಳು ಅಂಚಿನಲ್ಲಿ ಮಾತ್ರ ಕೆಂಪಾಗಿ, ಮುರಿದರೆ ಸದ್ದು ಬರುವಂತೆ ಆಗಿದ್ದವು. ಅತ್ತೆ ಒಂದನ್ನು ಮೂಸಿ, "ನಾಯೀದು ಅಂತ ಗೊತ್ತಿಲ್ದಿದ್ರೆ ತಿಂದಿರ್ತಿದ್ದೆ" ಎಂದು ವಾಪಸು ಇಟ್ಟರು.

ಆರಿದ ಮೇಲೆ ತಟ್ಟೆಯಲ್ಲಿಟ್ಟು ನಾಯಿಯ ಮುಂದೆ ಹಿಡಿದೆ. ಅದರ ಮೂಗು ನಡುಗಿತು. ಬಾಯಿಯ ಎರಡೂ ಬದಿಯಿಂದ ಜೊಲ್ಲು ದಾರದ ಹಾಗೆ ಇಳಿದು ಮಣ್ಣಿಗೆ ತಾಗಿತು. ಆದರೂ ಮುಂಗಾಲು ಜೋಡಿಸಿಕೊಂಡು ನನ್ನ ತುಟಿಗಳನ್ನೇ ನೋಡುತ್ತ ಕೂತಿತು. "ತಿನ್ನು" ಎಂದೆ. "ತಿನ್ನಪ್ಪ, ನಿನಗೆ ಕೈ ಮುಗೀತೀನಿ" ಎಂದೆ. ಇಂಗ್ಲಿಷಿನಲ್ಲೂ ಹೇಳಿದೆ. ಬಾಯಿಗೇ ಒತ್ತಿದರೆ ಮುಖ ತಿರುಗಿಸಿತು. ತಟ್ಟೆಯನ್ನು ಅದರ ಮುಂದೆಯೇ ಬಿಟ್ಟು ಬಂದೆ.

ಇಷ್ಟು ಹಸಿವಿದ್ದೂ ಏಕೆ ಮುಟ್ಟುವುದಿಲ್ಲ? ಆಮೇಲಿನ ಹೊತ್ತು ಹೇಗೆ ಕಳೆಯಿತೋ. ಒಣಗದ ಬಟ್ಟೆಯನ್ನು ತೆಗೆದು ಮಡಿಸಿದೆ, ಮತ್ತೆ ಹರವಿದೆ. ಗುಡಿಸಿದ ಪಡಸಾಲೆಯನ್ನೇ ಗುಡಿಸಿದೆ. ಅಂಗಳದಲ್ಲಿ ಗಾಡಿಯ ನೊಗಕ್ಕೆ ನೇತುಹಾಕಿದ್ದ ಹಗ್ಗ ಕಂಡಾಗಲೆಲ್ಲ ಗಾಳಿಯಲ್ಲಿ ತಡಕುವ ಆ ಮುದಿ ಕೈ ಕಣ್ಣ ಮುಂದೆ ಬರುತ್ತಿತ್ತು. ಅವರು ಬಂದು ನಾಯಿ ಎಲ್ಲಿ ಎಂದರೆ?

ದೀಪ ಹಚ್ಚುವ ಹೊತ್ತಿಗೆ ಅತ್ತೆಯ ತಮ್ಮ ಆ ಹಗ್ಗ ಹಿಡಿದು ಹಿತ್ತಲಿಗೆ ಬಂದರು. "ಈಗ್ಲೇ ಗಾಡಿ ಹಿಂದೆ ಕಟ್ಟಿರ್ತೀನಿ, ನಸುಕಿನಾಗೆ ಹಿಡಿಯಾಕೆ ಯಾರ ಕೈಲಾಗ್ತೈತೆ" ಎಂದರು. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ದಿನದಂತೆ ಚೆಂಬು ಹಿಡಿದು ಮಜ್ಜಿಗೆಗೆ ಬಂದಳು. ಬಿಸ್ಕತ್ತಿನ ತಟ್ಟೆಯನ್ನೂ ಹಗ್ಗವನ್ನೂ ನೋಡಿ, "ಇನ್ನೂ ಹೊತ್ತೈತಲ್ಲ ಮಾವಾ, ಆಮ್ಯಾಲೆ ಕಟ್ಟೀರಂತೆ" ಎಂದಳು.

ಆಮ್ಯಾ ಎನ್ನುವುದು ಅವಳ ಬಾಯಿಂದ ಬಿದ್ದದ್ದೇ ತಡ, ನಾಯಿ ತಟ್ಟೆಗೆ ಬಾಯಿ ಹಾಕಿತು. ಕರಕರ ಎಂದು ಅಗಿದು, ಪುಡಿಯನ್ನೂ ಬಿಡದೆ ನೆಕ್ಕಿತು.

ನನಗೆ ಕಾನ್ವೆಂಟಿನ ಊಟದ ಮನೆ ಕಂಡಿತು. ಉದ್ದನೆಯ ಮೇಜು, ಆರಿಹೋಗುತ್ತಿರುವ ಸಾರು, ಕೈ ಜೋಡಿಸಿ ಕೂತ ನಾವು. ಮೇಜಿನ ತುದಿಯಲ್ಲಿ ಟೀಚರಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದರೆ, ಯಾವಾಗ ಮುಗಿದೀತೋ ಎಂದು ನಾವು ಅವರ ತುಟಿಗಳನ್ನೇ ಕಾಯುತ್ತಿದ್ದೆವು. 'ಆಮೆನ್' ಬಂದಮೇಲೆಯೇ ಚಮಚದ ಸದ್ದು. ನ್ಯಾಮತಿಯ ಆ ಕೋಣೆಯಲ್ಲೂ ದಿನವೂ ಅದೇ ನಡೆದಿರಬೇಕು. ಅಕ್ಕನ 'ಆಮ್ಯಾಲೆ' ನಾಯಿಗೆ 'ಆಮೆನ್' ಎಂದೇ ಕೇಳಿಸಿತ್ತು. ಇಲ್ಲಿ ವಾರವಿಡೀ ಅದಕ್ಕೆ ತಿನ್ನು, ಉಣ್ಣು ಎಂದೆವು. ಹಸಿದ ನಾಯಿಗೆ ಅನ್ನವಿಟ್ಟು ಆಮೇಲೆ ಎಂದು ಯಾರು ಹೇಳುತ್ತಾರೆ?

ಇನ್ನೊಂದು ಬಿಸ್ಕತ್ತು ಇಟ್ಟು ಮೆಲ್ಲಗೆ "ಆಮೆನ್" ಎಂದೆ. ತಿಂದಿತು.

"ಏನಂದೆ?" ಎಂದರು ಅತ್ತೆ.

"ಟೀಚರಮ್ಮ ಉಣ್ಣೋಕೆ ಮೊದಲು ದೇವರನ್ನ ನೆನೆದು ಕೊನೆಗೆ ಆ ಮಾತು ಹೇಳ್ತಾರೆ ಅತ್ತೆ. ಅದು ಕೇಳದೆ ಇದು ಮುಟ್ಟಲ್ಲ." ಶಿವಪೂಜೆಯ ಮನೆ, ಏನೆನ್ನುತ್ತಾರೋ ಎಂದು ಅವರ ಮುಖ ನೋಡಲು ಧೈರ್ಯವಾಗಲಿಲ್ಲ.

ಅತ್ತೆಯ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಹೋಯಿತು. "ಪೂಜೆ ಆಗ್ದೆ ನೀರೂ ಮುಟ್ಟದೋಳು ನಾನು. ನನಗಿಂತ ಗಟ್ಟಿ ಐತಲ್ಲ ಇದು! ನಿಮ್ಮ ಸಾಲಿ ಮಾತು ನೀನು ಹೇಳ್ಕೋ. ನಾನು ಆಮ್ಯಾಲೆ ಅಂತೀನಿ. ಅದಕ್ಕೇನು ಗೊತ್ತಾಗ್ತೈತೆ" ಎಂದರು. ತಮ್ಮನ ಕಡೆ ತಿರುಗಿ, "ಹಗ್ಗ ಎತ್ತಿಡಪ್ಪ, ನಾಯಿ ಎಲ್ಲಿಗೂ ಬರಾಕಿಲ್ಲ" ಎಂದರು.

ಪಕ್ಕದ ಮನೆಯ ಅಕ್ಕ ಒಂದು ಗಳಿಗೆ ತಡವಾಗಿ ಬಂದಿದ್ದರೆ ಎಂದು ಯೋಚಿಸುತ್ತ ಖಾಲಿ ತಟ್ಟೆ ಹಿಡಿದು ನಿಂತಿದ್ದೆ. ಅವಳಿಗೆ ಅದ್ಯಾವುದೂ ಬೇಕಿರಲಿಲ್ಲ. ಚೆಂಬು ಮುಂದೆ ಚಾಚಿ ಹೇಳಿದಳು: "ನಮ್ಮನೆಯೋರಿಗೂ ದಿನಾ ಆಮ್ಯಾಲೆ ಆಮ್ಯಾಲೆ ಅಂತೀನಿ, ಅವ್ರೂ ಹಿಂಗೇ, ಅನ್ನೋದ್ರಾಗೆ ತಟ್ಟೆ ಖಾಲಿ. ಲಗೂನ ಹಾಕ್ರಿ ತಂಗಿ, ಒಲಿ ಮ್ಯಾಲೆ ಸಾರು ಉಕ್ತೈತೆ."